ಪಿಳ್ಳಣ್ಣನ ಬೂಟ್‌ಪ್ಯಾಂಟು

ದೇವನಹಳ್ಳಿ ಕಡೆಯ ವಿಜಯಪುರ ದಾಟಿ ದ್ರಾಕ್ಷಿ ತೋಟಗಳು ಶುರುವಾಗುವ ತಿರುವಿನಲ್ಲಿ ಹೊಂಗೆ ಮರಕ್ಕೆ ಒಂದು ಲಾರಿ ಟೈರು ನೇತುಹಾಕಿದೆ. ಅದೇ ಬೋರ್ಡು, ಅದರ ಕೆಳಗೇ ಭೀಮರಾಜನ ಪಂಕ್ಚರ್ ಅಂಗಡಿ. ಗಾಳಿಯೇ ಬಂಡವಾಳ, ಗಾಳಿಸುದ್ದಿಯೇ ಲಾಭ. ಅವನಪ್ಪ ರೇಷ್ಮೆ ಬಿಚ್ಚುವವನು. ಗೂಡಿನ ಬಿಸಿನೀರಲ್ಲಿ ಬೆಂದೂ ಬೆಂದೂ ಬೆರಳ ತುದಿಗಳು ಬಿಳುಚಿಕೊಂಡಿದ್ದವು. ಅದನ್ನು ನೋಡಿಯೇ ಮಗ ತಣ್ಣೀರಿನ ಟಬ್ಬು ಆರಿಸಿಕೊಂಡ. ಈ ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತೇ ಅವನ ಕೂದಲು ನೆರೆಯಿತು. "ಟ್ಯೂಬು ಸುಳ್ಳು ಹೇಳಲ್ಲ ಗುರು. ನೀರಿಗಿಟ್ರೆ ಗುಳ್ಳೆ ಬಿಟ್ಟು ಒಪ್ಕೊಂಡ್ಬಿಡುತ್ತೆ," ಅನ್ನುವುದು ಅವನ ಮಾತು.

ಅವನ ಅಕ್ಕ ಕದಿರಮ್ಮನ ಗಂಡ ಪಿಳ್ಳಣ್ಣ. ಕೆರೆ ಗುತ್ತಿಗೆ ಹಿಡಿದವರ ಹತ್ತಿರ ಬಲೆ ಎಳೆಯುವ ಕೆಲಸ. ಆ ಕೆರೆ ಎಷ್ಟೋ ವರ್ಷ ಒಣಗಿ ಬಿದ್ದಿತ್ತು. ಅಂಗಳದ ತುಂಬ ಜಾಲಿ ಬೆಳೆದು ಕಾಡಾಗಿತ್ತು. ಆಮೇಲೆ ಸರ್ಕಾರದವರ ಪೈಪಿನಲ್ಲಿ ಕೆರೆಗೆ ನೀರು ಬಂತು. ಜಾಲಿ ಕಡಿಯಬೇಕೆಂದು ಎಲ್ಲರೂ ಅಂದುಕೊಂಡರು, ಯಾರೂ ಕಡಿಯಲಿಲ್ಲ. ಮರಗಳು ನಿಂತಹಾಗೇ ಮುಳುಗಿದವು. ಕೊಂಬೆ ಕೊಳೆತವು, ಮುಳ್ಳು ಕೊಳೆಯಲಿಲ್ಲ.

ಪಿಳ್ಳಣ್ಣನಿಗೆ ಸಕ್ಕರೆ ಕಾಯಿಲೆ ಹಳೆಯದು. ಡಾಕ್ಟರು ಕಾಲು ಮುಟ್ಟಿ ನೋಡಿ, "ಒದ್ದೆ ಮಾಡ್ಕೋಬೇಡಿ, ಗಾಯ ಮಾಡ್ಕೋಬೇಡಿ. ಗಾಯ ಆದ್ರೆ ಮಾಯಲ್ಲ, ಕಾಲೇ ಹೋಗುತ್ತೆ," ಎಂದಿದ್ದರು.

"ಮೀನು ಹಿಡಿಯೋನಿಗೆ ಕಾಲು ಒದ್ದೆ ಮಾಡ್ಬೇಡ ಅಂದ್ರೆ, ದೋಸೆ ಹಾಕೋನಿಗೆ ಹೆಂಚು ಬಿಸಿ ಮಾಡ್ಬೇಡ ಅಂದಂಗೆ," ಎಂದು ಪಿಳ್ಳಣ್ಣ ನಕ್ಕುಬಿಟ್ಟ.

ಮಗಳು ಯಶಸ್ವಿನಿ ನಗಲಿಲ್ಲ. ಏರ್‌ಪೋರ್ಟಿನ ಗೋಡೌನಿನಲ್ಲಿ ಕೆಲಸ ಅವಳಿಗೆ. ಮೊಬೈಲಿನಲ್ಲಿ ಹುಡುಕಿ ಒಂದು ಉಡುಪು ತರಿಸಿದಳು. ಹಸಿರು ಬಣ್ಣ, ಬೂಟೂ ಪ್ಯಾಂಟೂ ಒಂದೇ ಆಗಿ ಅಂಟಿಕೊಂಡು ಎದೆವರೆಗೂ ಬರುತ್ತದೆ, ಹೆಗಲಿಗೆ ಪಟ್ಟಿ. ಕೆರೆಯವರು ಅದಕ್ಕೆ ಬೂಟ್‌ಪ್ಯಾಂಟು ಎಂದು ಹೆಸರಿಟ್ಟರು. ಅದನ್ನು ತೊಟ್ಟು ನೀರಿಗಿಳಿದರೆ ಮೈಗೆ ಒಂದು ಹನಿಯೂ ತಾಕದು. ಪಿಳ್ಳಣ್ಣ ಅದನ್ನು ಹಾಕಿಕೊಂಡೇ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದ, ಮದುವೆಗಂಡಿನ ಹಾಗೆ.

ಹೊಸದು ಇನ್ನೂ ಹೊಸದಾಗಿರುವಾಗಲೇ ಒಂದು ಮಧ್ಯಾಹ್ನ ಅದನ್ನು ಹೆಗಲ ಮೇಲೆ ಹೊತ್ತು ಅಂಗಡಿಗೆ ಬಂದ. ಕದಿರಮ್ಮನೂ ಜೊತೆಗಿದ್ದಳು.

"ಲೇ ಭಾಮೈದ, ಎಡಗಾಲಲ್ಲಿ ನೀರು ಬರ್ತಾ ಐತೆ ಕಣೋ."

"ಬಾ ಭಾವ. ಕೆರೆ ನೀರು ನಿನ್ನ ಹುಡುಕ್ಕೊಂಡು ಒಳಗೇ ಬರ್ತಾ ಐತಾ?"

"ತಮಾಷೆ ಆಮೇಲಿರಲಿ ಭೀಮ," ಕದಿರಮ್ಮ ಅಂದಳು. "ಡಾಕ್ಟ್ರು ಹೇಳಿದ್ದು ನಿಂಗೂ ಗೊತ್ತು. ಒಂದು ಹನೀನೂ ಒಳಕ್ಕೆ ಬರಕೂಡದು."

"ನನ್ನ ಕೈಗೆ ಕೊಟ್ಟಿದ್ದೀಯಲ್ಲಕ್ಕಾ, ಮರೆತ್ಬಿಡು."

ಬೂಟ್‌ಪ್ಯಾಂಟಿಗೆ ವಾಲ್ವ್ ಇರುವುದಿಲ್ಲ. ಭೀಮರಾಜ ಅದರ ಸೊಂಟದ ಹತ್ತಿರ ಹಳೆಯ ಸೈಕಲ್ ಟ್ಯೂಬು ಸುತ್ತಿ ಬಿಗಿದು, ಸಂದಿಯಲ್ಲಿ ಗಾಳಿಪೈಪು ತೂರಿಸಿದ. ಎರಡು ಕಾಲೂ ಉಬ್ಬಿಕೊಂಡವು. ತಲೆಯೇ ಇಲ್ಲದ ದಪ್ಪ ಮನುಷ್ಯನೊಬ್ಬ ಮಲಗಿದ ಹಾಗೆ ಕಾಣುತ್ತಿತ್ತು. "ನಿನಗಿಂತ ಲಕ್ಷಣವಾಗವ್ನೆ ಭಾವ," ಅಂದ. ಮೇಲೆ ಸೋಪಿನ ನೀರು ಸವರಿಕೊಂಡು ಹೋದ. ಎಡಬೂಟಿನ ಅಟ್ಟೆಯಲ್ಲಿ, ಹೆಬ್ಬೆರಳಿನ ಬುಡ ಬರುವ ಕಡೆ, ಸಣ್ಣಗೆ ಗುಳ್ಳೆ ಎದ್ದಿತು.

"ಒಪ್ಕೊಂಡ ಕಳ್ಳ! ಜಾಲಿ ಮುಳ್ಳೇ."

ಈ ಕಸುಬಿನಲ್ಲಿ ತೇಪೆಗಿಂತ ಮುಂಚೆ ಒಂದು ಕೆಲಸ ಇದೆ. ಟೈರಿನ ಒಳಗೆ ಕೈಹಾಕಿ ಸುತ್ತಲೂ ಸವರಬೇಕು. ಚುಚ್ಚಿದ್ದು ಅಲ್ಲೇ ಕೂತಿದ್ದರೆ ಹೊಸ ತೇಪೆಯನ್ನೂ ಚುಚ್ಚುತ್ತದೆ. ಭೀಮರಾಜ ಇದನ್ನು ಎಂದೂ ಬಿಟ್ಟವನಲ್ಲ. ಬೂಟಿನೊಳಗೆ ಭುಜದವರೆಗೂ ಕೈ ಇಳಿಸಿ ತುದಿಯತನಕ ಸವರಿದ. ಏನೂ ತಾಕಲಿಲ್ಲ. ಹೊರಗಿನಿಂದ ಚಿಮುಟ ಆಡಿಸಿದ. ಅಟ್ಟೆಯಲ್ಲೂ ಏನೂ ಸಿಗಲಿಲ್ಲ.

"ಮುಳ್ಳು ಬಿದ್ಹೋಗೈತೆ ಬಿಡಕ್ಕಾ," ಅಂದ.

ಟ್ಯೂಬಿನ ಸೊಲ್ಯೂಷನ್ನು ಈ ಪ್ಲಾಸ್ಟಿಕ್ಕಿಗೆ ಹಿಡಿಯಲಿಲ್ಲ. ತೇಪೆ ಕಾದ ಹೆಂಚಿನ ದೋಸೆಯ ಹಾಗೆ ಅಂಚು ಬಿಟ್ಟು ಎದ್ದಿತು. ದೇವನಹಳ್ಳಿಯಿಂದ ಬೇರೆ ಅಂಟು ತರಿಸಿದ. ಉಪ್ಪುಕಾಗದದಲ್ಲಿ ಉಜ್ಜಿ, ಸವರಿ, ಬೆರಳಿಗೆ ಅಂಟೂ ಅಂಟದ ಹದಕ್ಕೆ ಆರಲು ಬಿಟ್ಟು, ತೇಪೆಯಿಟ್ಟು ಸುತ್ತಿಗೆಯಿಂದ ಮೆತ್ತಗೆ ಬಡಿದ. ಅಷ್ಟು ಚೆಂದದ ತೇಪೆಯನ್ನು ಅವನು ಯಾವ ಟ್ಯೂಬಿಗೂ ಹಾಕಿರಲಿಲ್ಲ.

ಕೆಲವು ದಿನಕ್ಕೆ ಪಿಳ್ಳಣ್ಣ ಮತ್ತೆ ಬಂದ. "ಎಡಗಾಲಿನ ಕಾಲುಚೀಲ ಮತ್ತೆ ಒದ್ದೆ ಕಣೋ."

ಭೀಮರಾಜ ಗಾಳಿ ತುಂಬಿದ, ಸೋಪು ಸವರಿದ. ಗುಳ್ಳೆ ಇಲ್ಲ. ಹಾಡುಹಗಲೇ ಶಟರ್ ಎಳೆದು, ಕತ್ತಲಲ್ಲಿ ಬೂಟಿನೊಳಗೆ ಟಾರ್ಚು ಬಿಟ್ಟು ನೋಡಿದ. ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಇಣುಕಬೇಕು, ಇಣುಕಲಿಲ್ಲ. ಹೊರಗೆ ಪಂಕ್ಚರ್ ಆದ ಬೈಕು ತಳ್ಳಿಕೊಂಡು ಬಂದ ಗಿರಾಕಿ ನಂದೀಶ್, "ಶಟರ್ ಎಳೆದವ್ರೆ, ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೂಗಿದ.

"ಹೋಗಿಲ್ಲ, ಬದುಕವ್ರೆ, ತಡಿಯಪ್ಪಾ!" ಒಳಗಿನಿಂದ ಪಿಳ್ಳಣ್ಣನೇ ಉತ್ತರ ಕೊಟ್ಟ.

ಕೊನೆಗೆ ಬೂಟ್‌ಪ್ಯಾಂಟಿಗೆ ನೀರು ತುಂಬಿಸಿ ಹೊಂಗೆ ಕೊಂಬೆಗೆ ನೇತುಹಾಕಿದ. ಕೆಳಗಿನ ಮಣ್ಣು ಸಂಜೆಯವರೆಗೂ ಒಣಗೇ ಇತ್ತು.

"ಇದು ಸೋರಿಕೆ ಅಲ್ಲ ಭಾವ, ಬೆವರು. ಪ್ಲಾಸ್ಟಿಕ್ಕಲ್ಲಿ ಕಾಲು ಬೇಯುತ್ತೆ."

"ಒಂದೇ ಕಾಲು ಬೆವರುತ್ತೇನ್ಲಾ?"

"ಆ ಕಾಲಿಗೆ ಕೆಲಸ ಜಾಸ್ತಿ."

ಇಬ್ಬರೂ ನಕ್ಕರು. ಸಮಾಧಾನಕ್ಕಿರಲಿ ಎಂದು ಭೀಮರಾಜ ತೇಪೆಯ ಮೇಲೊಂದು ತೇಪೆ ಹಾಕಿದ. ಮನೆಯಲ್ಲಿ ಕದಿರಮ್ಮ ಕಾಲುಚೀಲದ ಕಂದು ಕಲೆಯನ್ನು ಕೆರೆಯ ಗೋಡುಮಣ್ಣು ಎಂದುಕೊಂಡು ತಿಕ್ಕಿ ತಿಕ್ಕಿ ಒಗೆದಳು.

ಮೂರನೇ ಸಲ ಬಂದಾಗ ಪಿಳ್ಳಣ್ಣನ ಮುಖ ಸಪ್ಪಗಿತ್ತು, ರಾತ್ರಿಯೆಲ್ಲ ಚಳಿಜ್ವರವಂತೆ. ಆದರೂ ಬೆಳಿಗ್ಗೆ ನೀರಿಗಿಳಿದಿದ್ದ. ನೇರ ಅಲ್ಲಿಂದಲೇ ಬಂದಿದ್ದ. ಭೀಮರಾಜ ಬೂಟಿನೊಳಗೆ ಕೈ ಇಳಿಸಿದ. ತಳ ಒದ್ದೆಯಾಗಿತ್ತು. ಆದರೆ ನೀರಿಗೆ ಈ ಜಿಗುಟು ಇರುವುದಿಲ್ಲ. ಕೈ ಹೊರಗೆಳೆದು ಮೂಸಿದ. ಕೆರೆಯ ವಾಸನೆ ಅವನಿಗೆ ಗೊತ್ತು, ಇದು ಅದಲ್ಲ.

"ಭಾವ, ಕಾಲು ತೋರಿಸು."

"ಕಾಲು ಯಾಕೋ? ಸೋರ್ತಿರೋದು ಬೂಟು."

"ತೋರಿಸು ಅಂದೆ."

ಪಿಳ್ಳಣ್ಣ ಸ್ಟೂಲಿನ ಮೇಲೆ ಕೂತು ಕಾಲುಚೀಲ ಎಳೆದ. ಭೀಮರಾಜ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿದ. ಹೆಬ್ಬೆರಳಿನ ಬುಡದಲ್ಲಿ ಒಂದು ಕಪ್ಪು ಚುಕ್ಕೆ. ಸುತ್ತ ಚರ್ಮ ಹಸಿರುಗಟ್ಟಿ ಮೆತ್ತಗಾಗಿತ್ತು. ಬೂಟಿನಲ್ಲಿ ತೇಪೆ ಎಲ್ಲಿತ್ತೋ, ಪಾದದಲ್ಲಿ ಅಲ್ಲೇ.

ಹೆಬ್ಬೆರಳಿನಿಂದ ಒತ್ತಿದ. ಒಳಗೆ ಗಟ್ಟಿಯಾಗಿ ಏನೋ ತಾಕಿತು.

"...ಕಾಟ್ಲಾ ಮೀನು ಈ ಸಲ ದಪ್ಪ ಬಂದವೆ ಕಣೋ, ಒಂದೊಂದೂ ಕರು ಇದ್ದಂಗೆ," ಪಿಳ್ಳಣ್ಣ ಹೇಳುತ್ತಲೇ ಇದ್ದ. ಭೀಮರಾಜ ಇನ್ನೂ ಜೋರಾಗಿ ಒತ್ತಿದ. ಪಿಳ್ಳಣ್ಣನ ಮಾತು ನಿಲ್ಲಲಿಲ್ಲ. "ಅಲ್ಲ, ನೀನ್ಯಾಕೆ ಹಂಗೆ ಮುಖ ಮಾಡ್ಕೊಂಡೆ? ನೋಡಿದ್ದಾಯ್ತಾ?"

ನೋಡಿದ್ದಾಗಿತ್ತು. ತಡವಾಗಿ ಆಗಿತ್ತು. ಸಕ್ಕರೆ ಕಾಯಿಲೆ ಆ ಪಾದದ ನೋವನ್ನೆಲ್ಲ ಎಂದೋ ತಿಂದುಹಾಕಿತ್ತು. ಮುಳ್ಳು ಬಿದ್ದುಹೋಗಿರಲಿಲ್ಲ, ಅಟ್ಟೆ ದಾಟಿ, ಕಾಲುಚೀಲ ದಾಟಿ, ಕಾಲಿನಲ್ಲೇ ಮುರಿದು ಕೂತಿತ್ತು. ಅದು ಒಳಗಿದ್ದಾಗಲೇ ಭೀಮರಾಜ ಹೊರಗಿನಿಂದ ತೂತು ಮುಚ್ಚಿದ್ದ, ಎರಡೆರಡು ಸಲ.

ದೊಡ್ಡಾಸ್ಪತ್ರೆಯಲ್ಲಿ ಮೊದಲು ಬೆರಳು ಎಂದರು, ಆಮೇಲೆ ಪಾದ ಎಂದರು. ಕೊನೆಗೆ ಮಂಡಿಯ ಕೆಳಗೆ ಕತ್ತರಿಸಿದರು. ಕಾರಿಡಾರಿನಲ್ಲಿ ಭೀಮರಾಜ ಅಕ್ಕನ ಎದುರಿಗೆ ನಿಂತ. ಬೈಯಲಿ ಎಂದೇ ನಿಂತ. ಕದಿರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ನೀನು ಬೂಟೊಳಗೆ ಕೈ ಹಾಕಿ ನೋಡಿದ್ಯಲ್ಲಾ ಪಾಪ," ಅಂದಳು. ಕಪಾಳಕ್ಕೆ ಹೊಡೆದಿದ್ದರೆ ಅವನಿಗೆ ಸಲೀಸಾಗುತ್ತಿತ್ತು.

ಗಾಯ ಒಣಗಿದ ಮೇಲೆ ಪಿಳ್ಳಣ್ಣ ಆಟೋದಲ್ಲಿ ಅಂಗಡಿಗೆ ಬಂದ. ಕಂಕುಳಲ್ಲಿ ಊರುಗೋಲು, ತೊಡೆಯ ಮೇಲೆ ಅದೇ ಹಸಿರು ಗಂಟು.

"ಲೇ ಭೀಮ, ಎಡಗಡೆದು ಕತ್ತರಿಸಿ ಅಂಟಿಸ್ಬಿಡೋ. ಡಾಕ್ಟ್ರು ಎಲ್ಲಿ ಕತ್ತರಿಸಿದ್ರೋ ಅಲ್ಲೇ. ದಡದ ನೀರಲ್ಲಿ ಕೂತು ಬಲೆಯಿಂದ ಮೀನು ಬಿಡಿಸ್ತೀನಿ ಅಂದಿದ್ದೀನಿ."

"ಏನ್ ಭಾವ ಇದು..."

"ಕಾಲ ಹಂಗೈತೆ, ಕಾಲೂ ಹಂಗೈತೆ. ಕತ್ತರಿಸು."

ಭೀಮರಾಜ ಕತ್ತರಿಸಿದ. ಅಂಚು ಮಡಚಿ, ಅಂಟು ಸವರಿ, ಬಡಿದು, ನೀರು ತುಂಬಿಸಿ ನೇತುಹಾಕಿದ. ಒಂದು ಹನಿಯೂ ಬೀಳಲಿಲ್ಲ. ಪಿಳ್ಳಣ್ಣ ತಲೆದೂಗಿ, ಅದನ್ನು ಮಡಿಲಲ್ಲಿಟ್ಟುಕೊಂಡು ಆಟೋ ಹತ್ತಿದ.

ಕತ್ತರಿಸಿದ ಬೂಟು ಟಬ್ಬಿನ ಪಕ್ಕದಲ್ಲೇ ಬಿದ್ದಿತ್ತು. ಎರಡು ತೇಪೆಯೂ ಅಂಚು ಬಿಡದೆ ಹಿಡಿದುಕೊಂಡಿದ್ದವು. ರಸ್ತೆಯಲ್ಲಿ ಯಾರೋ ಬೈಕು ನಿಲ್ಲಿಸಿ ಹಾರನ್ ಹೊಡೆದರು. ಭೀಮರಾಜ ಏಳಲಿಲ್ಲ. ಬೂಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಒಳಗೆ ಕೈಹಾಕಿದ. ಹಿಮ್ಮಡಿಯಿಂದ ಶುರುಮಾಡಿ ತುದಿಯವರೆಗೂ ನಿಧಾನವಾಗಿ ಸವರಿದ. ಏನೂ ತಾಕಲಿಲ್ಲ. ಮತ್ತೆ ಹಿಮ್ಮಡಿಯಿಂದ ಶುರುಮಾಡಿದ.