ಮಾವನ ರೆಕಾರ್ಡು ಕಂಪ್ಯೂಟರಿಗೆ ಏರಿದ್ದು

ತೊಂಬತ್ತರ ದಶಕದ ಕೊನೆಯಲ್ಲಿ ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ನಾನು ಓಣಿಯ ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಿದ್ದೆ. ಅದರಲ್ಲಿ ಹಾಡನ್ನೂ ತುಂಬಿಡಬಹುದು ಎಂಬ ಸುದ್ದಿ ಅಫಜಲಪುರದ ನನ್ನ ಸೋದರಮಾವನಿಗೆ ಹೇಗೋ ಮುಟ್ಟಿತು. ಮಾವನ ಬಳಿ ತತ್ವಪದಗಳ ಒಂದು ದೊಡ್ಡ ರೆಕಾರ್ಡಿತ್ತು. ಆದರೆ ಪ್ಲೇಯರಿನ ಮುಳ್ಳು ಸವೆದಿತ್ತು. ಹೊಸದು ಗುಲಬರ್ಗಾದಲ್ಲೂ ಸಿಗುತ್ತಿರಲಿಲ್ಲ. ಇದ್ದ ಮುಳ್ಳು ಪೂರ್ತಿ ಕೈಕೊಡುವ ಮೊದಲೇ ಹಾಡನ್ನು ಉಳಿಸಿಕೊಳ್ಳಬೇಕೆಂದು ಒಂದು ದಿನ ರೆಕಾರ್ಡನ್ನೂ ಪ್ಲೇಯರನ್ನೂ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೇಬಿಟ್ಟರು.

"ಬಾಜೂಕ ಕುಂತಾಕಿ, ಕೂಸಿನ ಮಾರಿ ಮ್ಯಾಲಿಂದು ಕೌದಿ ತೆಗೀರಿ, ಉಸಿರು ಕಟ್ತದ ಅಂತ ದಾರಿ ತುಂಬ ಬೈದಳವ್ವಾ" ಎಂದರು. "ಲಗೂನ ಇದನ್ನ ಒಳಗ ಹಾಕು."

ಪ್ಲೇಯರಿನ ವೈರು ಕಂಪ್ಯೂಟರಿನ ತೂತಿಗೆ ಹೊಂದಲಿಲ್ಲ. ಹಳೆಯ ಹೆಡ್‌ಫೋನಿನ ವೈರು ಕತ್ತರಿಸಿ, ಅದರ ಪಿನ್ನನ್ನು ಇದಕ್ಕೆ ಜೋಡಿಸಿದೆ. ಹಾಡೇನೋ ಬಂತು, ಜೊತೆಗೆ ಹಿಟ್ಟಿನ ಗಿರಣಿ ಓಡಿದಂತೆ ಗುಂಯ್ ಎಂಬ ಸದ್ದೂ ಬಂತು. ಮಾವ ಗಾಬರಿಯಾಗಿ ಪ್ಲೇಯರಿನ ತಗಡಿನ ಮೇಲೆ ಬೆರಳಿಟ್ಟರು. ಸದ್ದು ನಿಂತಿತು. ಬೆರಳು ತೆಗೆದರೆ ಮತ್ತೆ ಗುಂಯ್.

"ಅರ್ಥಿಂಗ್ ಇಲ್ರಿ ಮಾವಾ, ಅದಕ್ಕ."

"ಹಂಗಾರ ನಾನೇ ಅರ್ಥಿಂಗ್ ಆಗ್ತೇನಿ, ನೀ ಚಾಲೂ ಮಾಡು."

ಬೆರಳು ಊರಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಮಾತಾಡಿದರೆ ಅದೂ ಕಂಪ್ಯೂಟರಿನ ಒಳಗೆ ಹೋಗುತ್ತದೆಂಬುದು ಅವರ ಭಯ. ಹಾಗೇನಿಲ್ಲ, ವೈರಿನಲ್ಲಿ ಬಂದದ್ದಷ್ಟೇ ಹೋಗುತ್ತದೆ ಎಂದರೂ ನಂಬಲಿಲ್ಲ. ತಮ್ಮ ಬಾಯಿಯ ಮೇಲೆ ಇನ್ನೊಂದು ಕೈಯಿಟ್ಟು ನನ್ನನ್ನೂ ಸುಮ್ಮನಾಗಿಸಿದರು. ಆಗಲೇ ಪಕ್ಕದ ಮನೆಯ ಚಾಚಾ ಒಳಗೆ ಬಂದರು.

"ಸಲಾಂ ಗೌಡ್ರ, ಯಾವಾಗ ಬಂದ್ರಿ?"

ಮಾವ ಕಣ್ಣಲ್ಲೇ ಸಲಾಮು ಹೇಳಿದರು. ಚಾಚಾ ಮತ್ತೆರಡು ಮಾತು ಕೇಳಿದರು. ಮಾವ ಬಾಯಿಯ ಮೇಲಿನ ಕೈಯನ್ನು ಇನ್ನಷ್ಟು ಒತ್ತಿಕೊಂಡರು. ಕೊನೆಗೆ ಪ್ಲೇಯರಿನತ್ತ ಬಗ್ಗಿ ನೋಡಿ, "ಯಾ ಅಲ್ಲಾ! ಬಟ್ಟು ಸಿಕ್ಕಿಬಿದ್ದದೇನ್ರಿ? ತಡೀರಿ, ಎಣ್ಣಿ ತರ್ತೇನಿ" ಎಂದು ಓಡಿದರು. ಮಾವನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಕುಲುಕಿತು, ಬೆರಳು ಕುಲುಕಿತು, ಮುಳ್ಳು ಹಾರಿ ಎರಡು ಪದ ದಾಟಿ ಕುಳಿತಿತು.

ಮತ್ತೆ ಮೊದಲಿನಿಂದ ಶುರು. ಇನ್ನೇನು ಮುಗಿಯಿತು ಎನ್ನುವಾಗ ಕರೆಂಟು ಹೋಯಿತು; ಒಳಗೆ ಹೋದದ್ದೆಲ್ಲ ಅಳಿಸಿಹೋಯಿತು.

ಸಂಜೆ ಕರೆಂಟು ಬಂದಾಗಲೂ ಮಾವನ ಕೈಯ ಜೋಮು ಇಳಿದಿರಲಿಲ್ಲ. ಅಡಿಗೆ ಮನೆಯಿಂದ ಅವ್ವ ಬಂದಳು. "ಸರಿಯೋ ಅಣ್ಣಾ, ನಾ ಕುಂದರ್ತೇನಿ" ಎಂದು ಒಂದು ಬೆರಳು ತಗಡಿಗೆ ಊರಿ, ಇನ್ನೊಂದು ಕೈಯಲ್ಲಿ ಮಡಿಲಿನ ಶೇಂಗಾ ಒಡೆದು ತಿನ್ನುತ್ತ ಕುಳಿತಳು. ಅಷ್ಟು ನಿರುಮ್ಮಳವಾಗಿ ಕುಳಿತದ್ದಕ್ಕೋ ಏನೋ, ಒಂದು ಬದಿ ಪೂರಾ ಒಳಗೆ ಹೋಯಿತು. ಕಂಪ್ಯೂಟರಿನಿಂದ ತತ್ವಪದ ಹೊರಟಾಗ ಮಾವ ಎದ್ದು ನಿಂತು ಕೈಮುಗಿದರು.

"ಈಗ ಇದನ್ನ ನಮ್ಮನಿಗೆ ಹೆಂಗ ಒಯ್ಯೂದವ್ವಾ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಆ ಹಾಡನ್ನು ತುಂಬಲು ಒಂದು ಚೀಲ ಫ್ಲಾಪಿ ಬೇಕಾಗುತ್ತಿತ್ತು. ಸಿ.ಡಿ. ಬರೆಯುವ ಯಂತ್ರ ನಮ್ಮಲ್ಲಿರಲಿಲ್ಲ. ತುಂಬಿದರೂ ಹಚ್ಚಲು ಮಾವನ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಇದನ್ನೆಲ್ಲ ಹೇಳಿದಾಗ ಮಾವ ಪ್ಲೇಯರಿಗೆ ಮತ್ತೆ ಕೌದಿ ಸುತ್ತತೊಡಗಿದರು. "ಇರಲಿ ಬಿಡು, ನಿಮ್ಮನಿಯಾಗೂ ಫೋನ್ ಅದ ಅಲ್ಲಾ" ಎಂದರು.

ಅಂದಿನಿಂದ ಹಾಡು ಕೇಳುವ ಮನಸ್ಸಾದಾಗಲೆಲ್ಲ ಫೋನ್ ಬರುತ್ತಿತ್ತು. "ಹಚ್ಚವ್ವಾ" ಎನ್ನುತ್ತಿದ್ದರು. "ಹಾಡಿನ ಡಬ್ಬಿ ಮನ್ಯಾಗೇ ಅದ, ಇವರು ಆಳಂದಕ್ಕ ಫೋನ್ ಮಾಡಾಕತ್ತಾರ" ಎಂದು ಅತ್ತೆ ಹಿಂದಿನಿಂದ ಬೈಯುವುದೂ ಕೇಳುತ್ತಿತ್ತು. ನಾನು ರಿಸೀವರನ್ನು ಸ್ಪೀಕರಿಗೆ ಹಿಡಿದು ನಿಲ್ಲುತ್ತಿದ್ದೆ. ಆ ಕಡೆಯಿಂದ ಮಾವ ತಾಳ ತಪ್ಪಿ ದನಿಗೂಡಿಸುತ್ತಿದ್ದರು. ಟೈಪಿಂಗ್ ಕಲಿಯಲು ಬಂದ ಹುಡುಗಿಯರು ಓಢಣಿಯನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.