ಜೇನುಬಣ್ಣದ ಬೆಳಕಿನಲ್ಲಿ ನಿಂತವಳು

ಹೋದ ತಿಂಗಳು ಗೋಡೌನಿನ ಮೂಲೆ ಖಾಲಿ ಮಾಡುವಾಗ ಹಳೆಯ ಹ್ಯಾಲೋಜನ್ ದೀಪವೊಂದು ಕೈಗೆ ಸಿಕ್ಕಿತು. ಗುಜರಿಗೆ ಹಾಕುವ ಮೊದಲು ಉರಿಯುತ್ತದೋ ಇಲ್ಲವೋ ನೋಡೋಣವೆಂದು ಪ್ಲಗ್ ಹಾಕಿದೆ. ಉರಿಯಿತು. ಸ್ವಲ್ಪ ಹೊತ್ತಿಗೆ ಅದರ ಮೈಮೇಲಿನ ಧೂಳು, ಬಾಯಿಗೆ ಕಟ್ಟಿದ್ದ ಬಣ್ಣದ ಜಿಲೇಟಿನ್ ಹಾಳೆ ಎರಡೂ ಕಾದು ಅರಳೆ ಸುಟ್ಟಂಥ ವಾಸನೆ ಬಂತು. ಈಗಿನ ಎಲ್‌ಇಡಿ ದೀಪಗಳಿಗೆ ವಾಸನೆಯೇ ಇಲ್ಲ, ಎಷ್ಟು ಹೊತ್ತು ಉರಿದರೂ ತಣ್ಣಗಿರುತ್ತವೆ. ಆ ವಾಸನೆ ಮೂಗಿಗೆ ತಾಕಿದ್ದೇ ತಡ, ಗಕ್ಕನೆ ಹಿಂದೆ ತಿರುಗಿ ನೋಡಿದೆ. ಪ್ಲಾಸ್ಟಿಕ್ ಕುರ್ಚಿ ಒಂದೇ ಇತ್ತು. ಅದರಲ್ಲಿ ಟೀಚರ್ ಕೂತಿದ್ದಾರೆ, ಇನ್ನೇನು ಮಾತಾಡುತ್ತಾರೆ ಅನಿಸಿಬಿಟ್ಟಿತ್ತು...

ಅವರು ನನಗೆ ಶಾಲೆಯಲ್ಲಿ ಹಾಡು ಕಲಿಸಿದವರು. ನನಗೆ ಹಾಡು ಬರಲಿಲ್ಲ, ಅದು ಬೇರೆ ಮಾತು. ದೊಡ್ಡವನಾಗಿ ಆದೋನಿಯಲ್ಲಿ ಸ್ಟೇಜಿಗೆ ದೀಪ ಬಾಡಿಗೆ ಕೊಡುವ ಅಂಗಡಿ ಹಾಕಿದೆ. ಮೊದಮೊದಲು ಮದುವೆ, ರಿಸೆಪ್ಷನ್ ಮಾತ್ರ. ಆಮೇಲೆ ನಮ್ಮೂರಿಗೆ ಕರೋಕೆ ಹುಚ್ಚು ಹತ್ತಿತು. ಹತ್ತಿ ವ್ಯಾಪಾರಿಗಳು, ಬ್ಯಾಂಕಿನಿಂದ ನಿವೃತ್ತರಾದವರು, ನರ್ಸಮ್ಮಗಳು ಎಲ್ಲ ಸೇರಿ ಕ್ಲಬ್ಬು ಕಟ್ಟಿಕೊಂಡು, ಕಲ್ಯಾಣ ಮಂಟಪ ಹಿಡಿದು, ಒಬ್ಬರಾದ ಮೇಲೊಬ್ಬರು ಹಾಡತೊಡಗಿದರು. ಹಾಡು ಹೇಗೇ ಇರಲಿ, ದೀಪ ಮಾತ್ರ ಸಿನಿಮಾದಲ್ಲಿದ್ದಂತೆ ಇರಬೇಕು ಅನ್ನುವುದು ಎಲ್ಲರ ಹಟ.

ಕೆಲವು ವರ್ಷಗಳ ಹಿಂದೆ ಅಂಥದೊಂದು ಕ್ಲಬ್ಬಿನ ಕಾರ್ಯದರ್ಶಿ ವಾರ್ಷಿಕೋತ್ಸವಕ್ಕೆ ದೀಪ ಆಯ್ದುಕೊಳ್ಳಲು ಬಂದಿದ್ದರು. ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಮಾಲೀಕರು, ಗಟ್ಟಿ ದನಿಯ ಮನುಷ್ಯ. ಸುತ್ತುವ ಲೈಟುಗಳು, ಲೇಸರ್, ಹೊಗೆ ಯಂತ್ರ, ಹೆಜ್ಜೆಯಿಟ್ಟಲ್ಲಿ ಬಣ್ಣ ಬದಲಾಗುವ ಡ್ಯಾನ್ಸ್ ಫ್ಲೋರು, ಎಲ್ಲಕ್ಕೂ ಕೈ ತೋರಿಸಿದರು.

"ಇಡೀ ಹಾಲ್ ಅದಿರಿಪೋವಾಲಪ್ಪಾ, ಗಡಗಡ ನಡಗಬೇಕು! ಜನ ಕುರ್ಚ್ಯಾಗ ಕುಂತಿರಬಾರ್ದು," ಎಂದು ನಮ್ಮ ಕಡೆಯ ತೆಲುಗು ಬೆರೆತ ಮಾತಿನಲ್ಲಿ ಅಂದರು. ಹೊರಡುವಾಗ ನೆನಪು ಮಾಡಿಕೊಂಡು, "ಹಾಂ, ನಮ್ಮ ಹಾಡಿನ ಟೀಚರನ್ನೂ ಕರದೀವಿ. ಕ್ಲಬ್ಬಿನಾಗ ಅರ್ಧ ಮಂದಿ ಅವರ ಸ್ಟೂಡೆಂಟ್ಸೇ ಕದಾ. ಅವರ ಹಾಡಿಗೆ ಯಾವ ಲೈಟು ಬೇಕಂತ ಅವರ ಬಂದು ಹೇಳ್ತಾರಂತ," ಅಂದರು.

ಎರಡು ದಿನ ಬಿಟ್ಟು ಟೀಚರ್ ಬಂದರು. ಎಮ್ಮಿಗನೂರಿನಲ್ಲಿ ಅಣ್ಣನ ಮಗನ ಮನೆಯಲ್ಲಿದ್ದರು, ಆ ಮಗನ ಹೆಂಡತಿ ಕೈ ಹಿಡಿದು ಕರೆತಂದಿದ್ದಳು. ಬಿಳಿ ಸೀರೆ, ಬಿಗಿಯಾಗಿ ಕಟ್ಟಿದ ತುರುಬು, ಹಣೆಯ ಮೇಲೆ ವಿಭೂತಿ. ಮೊದಲಿನಂತೆಯೇ ನೆಟ್ಟಗೆ ನಿಂತಿದ್ದರು. ಆದರೆ ನನ್ನ ಜೊತೆ ಮಾತಾಡುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿ, ನನ್ನ ಭುಜದಾಚೆ ಇನ್ನಾರನ್ನೋ ನೋಡುವಂತೆ ನೋಡುತ್ತಿದ್ದರು.

"ಕಣ್ಣು ಹೊಂಟಾವಪ್ಪ. ನಡುವಿಂದು ಕಾಣಂಗಿಲ್ಲ, ಅಂಚಿಂದಷ್ಟ ಕಾಣ್ತೈತಿ. ನಿನ್ ಮುಖ ಕಾಣಂಗಿಲ್ಲ, ಕಿವಿ ಕಾಣ್ತಾವ ನೋಡು," ಎಂದು ನಕ್ಕರು.

ನಾನು ಷಟರ್ ಅರ್ಧ ಇಳಿಸಿ ಗೋಡೌನು ಕತ್ತಲೆ ಮಾಡಿದೆ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿನ ಖಾಲಿ ಗೋಡೆಯ ಮೇಲೆ ಒಂದೊಂದೇ ದೀಪ ಹಚ್ಚತೊಡಗಿದೆ. ಬಿಳಿ. ಅವರು ತಲೆಯಾಡಿಸಿದರು. ಕೆಂಪು. ಅದೂ ಬೇಡ. ನೀಲಿ ಹಚ್ಚಿದಾಗ ಕುರ್ಚಿಯಿಂದ ಸ್ವಲ್ಪ ಮುಂದಕ್ಕೆ ಬಾಗಿದರು.

"ನೀಲಿ ಬ್ಯಾಡ. ನೀಲ್ಯಾಗ ದೂರ ಹೋಗ್ತಾಳ."

"ಯಾರ್ರಿ ಟೀಚರ್?"

"ನೀ ಮುಂದಿಂದು ಹಚ್ಚು."

ನಾನು ಸೊಸೆಯ ಕಡೆ ನೋಡಿದೆ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದಳು.

ಎಲ್‌ಇಡಿಯಲ್ಲಿದ್ದ ಬಣ್ಣಗಳೆಲ್ಲ ಮುಗಿದವು. ಕೊನೆಗೆ, ಯಾರೂ ಕೇಳದೆ ಮೂಲೆ ಸೇರಿದ್ದ ಹ್ಯಾಲೋಜನ್ ದೀಪಕ್ಕೆ ಜೇನುಬಣ್ಣದ ಹಾಳೆ ಕಟ್ಟಿ, ಎಡಗಡೆಯಿಂದ ಓರೆಯಾಗಿ ಬಿಟ್ಟೆ. ಮೆಲ್ಲಗೆ ಬೆಳಕು ಏರಿತು. ಟೀಚರ್ ಮುಖ ಪಕ್ಕಕ್ಕೆ ತಿರುಗಿಸಿದರು.

"ಹಾಂ... ಬಂದ್ಳು."

ಗೋಡೆಯ ಮುಂದೆ ನನಗೆ ಕಂಡದ್ದು ಬೆಳಕು ಮಾತ್ರ, ಅದರಲ್ಲಿ ತೇಲುವ ಧೂಳು ಮಾತ್ರ. ಆದರೂ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಗಾಬ್ರಿ ಆಗಬ್ಯಾಡ," ಅಂದರು ಟೀಚರ್. "ಕರ್ನೂಲಿನ ಕಣ್ಣಿನ ಡಾಕ್ಟ್ರು ಹೇಳ್ಯಾರ. ಕಣ್ಣು ಹೋಗೋ ಮುಂದ ಮೆದುಳು ಸುಮ್ನ ಕುಂದ್ರಂಗಿಲ್ಲಂತ, ಖಾಲಿ ಜಾಗದಾಗ ತಾನ ಚಿತ್ರ ಬರೀತೈತಂತ. ಇದು ಹುಚ್ಚಲ್ಲ, ಭಾಳ ಮಂದಿಗೆ ಆಗ್ತೈತಿ ಅಂದ್ರು. ನಾನೂ ಒಪ್ಪೀನಿ. ಆದ್ರ ಒಂದು ತಿಳೀವಲ್ದು. ನಮ್ದು ನೇಕಾರ ಮನಿ. ಅಂಚು ನೋಡಿ ಯಾವೂರ ಸೀರಿ ಅಂತ ಹೇಳೋಳು ನಾನು. ಆಕಿ ಉಟ್ಟ ಸೀರಿ ಯಾವೂರದೂ ಅಲ್ಲ. ಅಂಥ ಅಂಚು ನಾ ಹುಟ್ಟಿದಾಗಿಂದ ನೋಡಿಲ್ಲ. ನೋಡದಿದ್ದದ್ದು ನನ್ ಮೆದುಳಿಗೆ ಎಲ್ಲಿ ಸಿಕ್ತು?"

ಅವರೇ ಮುಂದುವರಿಸಿದರು. ಮನೆಯಲ್ಲಿ ಸಂಜೆ ಕಿಟಕಿಯಿಂದ ಇಳಿಬಿಸಿಲು ಬಿದ್ದಾಗ ಆ ಹೆಂಗಸು ಬರುತ್ತಾಳಂತೆ. ಯಾವಾಗಲೂ ಬೆನ್ನು ತಿರುಗಿಸಿಯೇ ನಿಲ್ಲುತ್ತಾಳಂತೆ. ಮುಖ ಎಂದೂ ತೋರಿಸಿಲ್ಲ. ಟೀಚರಿಗೆ ಒಬ್ಬ ತಂಗಿ ಇದ್ದಳು. ಇಬ್ಬರೂ ಹುಡುಗಿಯರಾಗಿದ್ದಾಗ ಸುತ್ತಲಿನ ಹಳ್ಳಿಗಳ ಮದುವೆಗಳಲ್ಲಿ ಜೋಡಿಯಾಗಿ ಹಾಡುತ್ತಿದ್ದರು. ತಂಗಿ ಜ್ವರ ಬಂದು ತೀರಿಕೊಂಡ ಮೇಲೆ ಇವರು ಜೋಡಿ ಹಾಡು ಹಾಡಿರಲಿಲ್ಲ.

"ಆಕೀನ ಇರಬೇಕು ಅಂತ ನನಗ," ಅಂದರು. "ಅವತ್ತು ಕಾರ್ಯಕ್ರಮದಾಗ ಜೋಡಿ ಹಾಡು ಹಾಡ್ತೀನಿ. ನನ್ ಪಾಲು ನಾ ಹಾಡ್ತೀನಿ, ಆಕಿ ಪಾಲು ಖಾಲಿ ಬಿಡ್ತೀನಿ. ತನ್ ಪಾಲು ಬಂದಾಗ ತಿರಗಲಾರ್ದ ಇರ್ತಾಳೇನು? ಪೂರಾ ಕತ್ಲಾಗೋದ್ರಾಗ ಒಮ್ಮೆ ಮುಖ ನೋಡಬೇಕಪ್ಪ. ಈ ಲೈಟು ಬಿಟ್ಟು ಬ್ಯಾರೆ ಯಾವ್ದೂ ಹಚ್ಚಬ್ಯಾಡ."

ಇದನ್ನು ನಾನು ಕಾರ್ಯದರ್ಶಿಗೆ ಹೇಗೆ ಹೇಳಲಿ? ಒಂದೇ ದೀಪ ಸಾಕಂತೆ ಎಂದಷ್ಟೇ ಹೇಳಿದೆ. ಅವರು ಸಿಡುಕಿದರು. "ಒಂದ ಲೈಟಾ? ಡ್ಯಾನ್ಸ್ ಫ್ಲೋರ್ ಆರ್ಸಿದ್ರ ಜನ ಎದ್ದು ಚಾಯ್ ಕುಡ್ಯಾಕ ಹೋಗ್ತಾರಲ್ಲಪ್ಪಾ!" ಆದರೂ ಟೀಚರ್ ಮಾತು ಅಂದಮೇಲೆ ಸುಮ್ಮನಾದರು. ಅವರೂ ಒಂದು ಕಾಲಕ್ಕೆ ಟೀಚರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ.

ಕಾರ್ಯಕ್ರಮದ ಸಂಜೆ ಮಂಟಪ ತುಂಬಿತ್ತು. ಪೆದ್ದಕಡುಬೂರಿನಿಂದ ಒಂದು ಗಾಡಿ ಜನ ಬಂದಿದ್ದರು. ಮಕ್ಕಳು ಬಣ್ಣದ ನೆಲದ ಮೇಲೆ ಕುಣಿದರು, ಹೊಗೆ ಉಕ್ಕಿತು, ಕಾರ್ಯದರ್ಶಿ ಎರಡು ಹಾಡು ಹಾಡಿ ಬೆವರು ಒರೆಸಿಕೊಂಡರು. ಆಮೇಲೆ ಟೀಚರ ಹೆಸರು ಕೂಗಿದರು. ಸೊಸೆ ಅವರನ್ನು ಮೈಕಿನ ಮುಂದೆ ನಿಲ್ಲಿಸಿ ಕೆಳಗಿಳಿದಳು. ಅವರ ಎಡಕ್ಕೆ ಇನ್ನೊಂದು ಮೈಕು ನಿಲ್ಲಿಸಿದ್ದೆವು, ಅದರ ಮುಂದೆ ಯಾರೂ ಇಲ್ಲ.

ನಾನು ಒಂದೊಂದಾಗಿ ಎಲ್ಲವನ್ನೂ ಆರಿಸಿದೆ. ನೆಲದ ಬಣ್ಣ ಹೋಯಿತು. ಮಂಟಪದಲ್ಲಿ ಗುಜುಗುಜು ಎದ್ದಿತು. ಜೇನುಬಣ್ಣ ನಿಧಾನವಾಗಿ ಏರಿ, ಆ ಎರಡನೇ ಮೈಕಿನ ಮೇಲೆ ಬಿತ್ತು. ಟೀಚರ್ ಬೆಳಕಿನ ಅಂಚಿನಲ್ಲಿದ್ದರು.

ಹಾಡು ಶುರುವಾಯಿತು. ವಯಸ್ಸಾದ ದನಿ, ಆದರೆ ಎಲ್ಲೂ ಜಾರಲಿಲ್ಲ. ಮೊದಲ ಚರಣ ಮುಗಿದು ಎರಡನೆಯವಳ ಪಾಲು ಬಂತು. ಟೀಚರ್ ನಿಲ್ಲಿಸಿದರು. ಸಂಗೀತ ಮಾತ್ರ ಹರಿಯಿತು, ದನಿಯಿಲ್ಲ. ಟೀಚರ್ ಸಾಲು ಮರೆತರೇನೋ ಎಂದು ಜನ ಮೊದಲು ಅಂದುಕೊಂಡರು. ಆಮೇಲೆ ಯಾಕೋ ಇಡೀ ಮಂಟಪ ಗಪ್ಪಾಯಿತು. ಮುಂದಿನ ಸಾಲಿನಲ್ಲಿ ಒಂದು ಕೂಸು ಖಾಲಿ ಮೈಕಿನ ಕಡೆ ನೋಡಿ ಅಳತೊಡಗಿತು, ತಾಯಿ ಎತ್ತಿಕೊಂಡು ಹೊರಗೆ ಹೋದಳು.

ಹಿಂದಿನ ಹಾಡಿನ ಹೊಗೆ ಇನ್ನೂ ಬೆಳಕಿನಲ್ಲಿ ನಿಂತಿತ್ತು. ಅದು ಒಮ್ಮೆ ಸುತ್ತಿತು. ಸೆರಗು ಬೀಸಿ ಯಾರಾದರೂ ತಿರುಗಿದರೆ ಹೇಗೋ ಹಾಗೆ. ಪಕ್ಕದ ಬಾಗಿಲು ಯಾರೋ ತೆಗೆದಿರಬೇಕು... ಹಾಗೇ ಅಂದುಕೊಂಡೆ, ಇವತ್ತಿಗೂ ಹಾಗೇ ಅಂದುಕೊಳ್ಳುತ್ತೇನೆ. ಟೀಚರ ಮುಖದಲ್ಲಿ ನಗು ಮೂಡಿತ್ತು. ಅದು ಅಲ್ಲೇ ನಿಂತುಹೋಯಿತು. ಅವರು ಹೊಸಬರನ್ನು ಕಂಡಾಗ ಮಾಡುವಂತೆ ಎರಡೂ ಕೈ ಜೋಡಿಸಿದರು. ಆಮೇಲೆ ತಮ್ಮ ಪಾಲು ಹಾಡಿ ಮುಗಿಸಿದರು.

ಚಪ್ಪಾಳೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಮೆಟ್ಟಿಲ ಬಳಿ ಅವರನ್ನು ಹಿಡಿದುಕೊಂಡೆ.

"ತಿರಗಿದ್ಳೇನ್ರಿ ಟೀಚರ್?"

"ತಿರಗಿದ್ಳಪ್ಪ."

"ನಿಮ್ ತಂಗೀನಾ?"

ಅವರು ಖಾಲಿ ಮೈಕಿನ ಕಡೆ ಮುಖ ತಿರುಗಿಸಿದರು. ಆಮೇಲೆ ಅಂದರು, "ಅಲ್ಲ. ಯಾರೋ ನನಗ ಗೊತ್ತಿಲ್ಲ. ಆದ್ರ ಆಕಿಗೆ ನಾ ಗೊತ್ತದೀನಿ."

ಆ ಮಾತು ಕೇಳಿದ ಮೇಲೆ ಎಷ್ಟೋ ದಿನ ನಾನು ಗೋಡೌನಿಗೆ ಒಬ್ಬನೇ ಹೋಗಲಿಲ್ಲ.

ಅದೇ ವರ್ಷ ಟೀಚರಿಗೆ ಪೂರ್ತಿ ಕತ್ತಲಾಯಿತು ಎಂದು ಕೇಳಿದೆ. ನೋಡಿ ಬರಲು ಎಮ್ಮಿಗನೂರಿಗೆ ಹೋದೆ. ಮಟಮಟ ಮಧ್ಯಾಹ್ನ. ಸೊಸೆ ಬಾಗಿಲು ತೆಗೆದು, ಮಾತಾಡಬೇಡಿ ಎಂದು ತುಟಿಯ ಮೇಲೆ ಬೆರಳಿಟ್ಟಳು. ಒಳಕೋಣೆಯಿಂದ ಹಾಡು ಕೇಳುತ್ತಿತ್ತು. ಟೀಚರ್ ಒಂದು ಸಾಲು ಹಾಡುತ್ತಿದ್ದರು, ಆಮೇಲೆ ಅಷ್ಟೇ ಹೊತ್ತು ಸುಮ್ಮನಿರುತ್ತಿದ್ದರು. ಆಮೇಲೆ ಹೇಳುತ್ತಿದ್ದರು, "ಹಂಗಲ್ಲವ್ವಾ, ಕಡೀಗೆ ಎಳೀಬ್ಯಾಡ. ಇನ್ನೊಮ್ಮೆ." ಮತ್ತೆ ಅದೇ ಸಾಲು, ಮತ್ತೆ ಮೌನ. ನಾವು ಚಿಕ್ಕವರಿದ್ದಾಗ ಬೆಂಚಿನ ಮೇಲೆ ನಿಲ್ಲಿಸಿ ಹೀಗೇ ಹೇಳಿಸುತ್ತಿದ್ದರು.

"ದಿನಾಲೂ ಇದ ನೋಡ್ರಿ," ಎಂದು ಸೊಸೆ ಪಿಸುಗುಟ್ಟಿದಳು. "ಮೊದಲ್ ಮೊದಲ್ ಅಂಜಿಕಿ ಆಗ್ತಿತ್ತು. ಈಗ ರೂಢಿ ಆಗೈತಿ."

ನಾನು ಒಳಗೆ ಹೋಗಿ ಕೂತೆ. ಟೀಚರ್ ನನ್ನ ದನಿ ಗುರುತು ಹಿಡಿದು ಸಂತೋಷಪಟ್ಟರು.

"ಈಗ ಆಕಿಗೆ ಲೈಟು ಬ್ಯಾಡಪ್ಪ," ಅಂದರು. "ಮುಖನೂ ಕಾಣ್ತೈತಿ. ಯಾರು ಅಂತ ಕೇಳಾದು ಬಿಟ್ಟೀನಿ. ನಾ ಕೇಳಿದ್ರ ತಲಿ ತಗ್ಗಸ್ತಾಳ. ಹಾಡು ಬೇಕಂತ ಆಕಿಗೆ. ನನಗ ಬರೋದೂ ಅದ ಕದಾ."

"ನಿಮಗ ಅಂಜಿಕಿ ಆಗಂಗಿಲ್ಲೇನ್ರಿ?"

"ಆಗ್ತಿತ್ತು. ಕಲಿಸಾಕ ಚಾಲೂ ಮಾಡಿದ ಮ್ಯಾಲ ಹೋತು."

ಅವರು ಪಾಠ ಮುಂದುವರಿಸಿದರು. ಆ ಮೌನದ ಹೊತ್ತುಗಳಲ್ಲಿ ನಾನೂ ಕಿವಿಗೊಟ್ಟು ಕೇಳಿದೆ. ಹೊರಗೆಲ್ಲೋ ಮಗ್ಗದ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಒಮ್ಮೆ ಮಾತ್ರ ಟೀಚರ್ "ಹಾಂ, ಈಗ ಬಂತು" ಎಂದು ಮೆಚ್ಚಿದಾಗ, ಯಾಕೋ ನನಗೂ ಸಮಾಧಾನವಾಯಿತು...

ಅದೇ ನಾನು ಅವರನ್ನು ಕಡೆಯ ಸಲ ನೋಡಿದ್ದು. ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ಹೋದಾಗ ಕಾರ್ಯಗಳೆಲ್ಲ ಮುಗಿದಿದ್ದವು. ಸೊಸೆ ಅಂಗಳದಲ್ಲಿ ಕೂತಿದ್ದಳು. ನನ್ನನ್ನು ಕಂಡು ಕಣ್ಣೊರೆಸಿಕೊಂಡಳು.

"ಕಡೀಕಡೀಗೆ ತಿದ್ದಾದು ಬಿಟ್ಬಿಟ್ಟಿದ್ರು," ಅಂದಳು. "ತಾವೂ ಹಾಡ್ತಿರಲಿಲ್ಲ. ಸುಮ್ನ ಮಲಗಿ ತಲಿ ತೂಗ್ತಿದ್ರು, ಯಾರ ಹಾಡೋ ಕೇಳ್ದಂಗ. 'ಚಲೋ ಕಲ್ತ್ಳು ನೋಡವ್ವಾ' ಅಂತಿದ್ರು. ಹಂಗ ಕೇಳ್ಕೋತ ಹೋದ್ರು."

ಆಮೇಲೆ ಒಳಕೋಣೆಯ ಕಡೆ ನೋಡುತ್ತ ದನಿ ತಗ್ಗಿಸಿದಳು. "ಒಂದು ಹೇಳ್ಲ್ಯಾ? ಈ ಮನ್ಯಾಗ ಒಬ್ರು ಹೋದಂಗ ಇಲ್ರಿ. ಇಬ್ರು ಹೋದಂಗ ಐತಿ."

ಬರುವ ವಾರ ನಂದವರಂನಲ್ಲಿ ಒಂದು ಕರೋಕೆ ಕಾರ್ಯಕ್ರಮವಿದೆ. ಹಾಡುವವರೆಲ್ಲ ಅಂಗಡಿಗೆ ಬಂದು ದೀಪ ನೋಡಿ ಹೋದರು. ಎಲ್ಲರಿಗೂ ಎಲ್ಲ ದೀಪಗಳೂ ಬೇಕು, ಒಟ್ಟಿಗೇ ಬೇಕು. ಆಗಲಿ ಅಂದಿದ್ದೇನೆ. ಇವತ್ತು ಎಲ್ಲವನ್ನೂ ಹಚ್ಚಿ ಪರೀಕ್ಷೆ ಮಾಡಿದೆ. ಗೋಡೆಯ ತುಂಬ ಬೆಳಕು, ಒಂದು ಕೈಯಗಲದ ಜಾಗವೂ ಬರಿದಾಗಿರಲಿಲ್ಲ. ಯಾವುದನ್ನು ಆರಿಸಿ ಜಾಗ ಬಿಡಬೇಕು ಎಂದು ಕೇಳೋಣವೆಂದರೆ ಟೀಚರ್ ಇಲ್ಲ.