ಯಾವ ಓಣಿಗೆ ಕಳಿಸುವುದು

ಎಂಬತ್ತರ ದಶಕದ ಆರಂಭದಲ್ಲಿ ನಾನು ಒಂದು ಮಾನಸಿಕ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೆ. ರೋಗಿಗಳ ಮನೆಗಳಿಗೆ ಹೋಗಿ ಬರುವುದು ನನ್ನ ಕೆಲಸ. ಗದಗ, ಶಿರಹಟ್ಟಿ ಕಡೆಯ ಬಸ್ಸುಗಳ ವೇಳೆಯೆಲ್ಲ ನನಗೆ ಬಾಯಿಪಾಠವಾಗಿತ್ತು.

ಕಾಯಿಲೆಯ ಭರದಲ್ಲಿ ಅಪರಾಧ ಮಾಡಿ, ಕೋರ್ಟಿನಿಂದ ನಮ್ಮಲ್ಲಿಗೆ ಬಂದವರಿಗೆ ಬೇರೆ ವಾರ್ಡಿತ್ತು. ಅದಕ್ಕೆ ಹಗಲೂ ಬೀಗ. ಗುಣವಾದರೂ ಅವರು ಹೊರಗೆ ಹೋಗುತ್ತಿರಲಿಲ್ಲ. ನಾಳೆ ಏನಾದರೂ ಆದರೆ ಯಾರು ಹೊಣೆ ಎಂದು ಎಲ್ಲರೂ ಬಿಡುಗಡೆಯ ಕಾಗದಕ್ಕೆ ಸಹಿ ಹಾಕಲು ಹಿಂಜರಿಯುತ್ತಿದ್ದರು.

ಹೊಸದಾಗಿ ಬಂದ ಡಾಕ್ಟರು ಇದಕ್ಕೊಂದು ಪ್ರಶ್ನೆಪಟ್ಟಿ ತಯಾರಿಸಿದರು. ಗುಳಿಗೆ ತಾನಾಗಿಯೇ ನುಂಗುತ್ತಾನೆಯೇ? ನಿದ್ದೆ ಬರುತ್ತದೆಯೇ? ತನಗೆ ಕಾಯಿಲೆ ಇತ್ತೆಂದು ಒಪ್ಪುತ್ತಾನೆಯೇ? ಮನೆಯಲ್ಲಿ ನೋಡಿಕೊಳ್ಳುವವರು ಯಾರು? ಒಂದೊಂದಕ್ಕೂ ಅಂಕ. ಬೀಗದ ವಾರ್ಡೋ, ತೆರೆದ ವಾರ್ಡೋ, ಮನೆಯೋ ಎಂಬುದನ್ನು ಯೋಚಿಸಲು ಆ ಒಟ್ಟು ಅಂಕ ದಾರಿ ತೋರಿಸಬೇಕು.

"ಹಿಂದ ಏನ್ ಮಾಡ್ಯಾನ ಅನ್ನೋದೂ ಕೇಳ್ರಿ. ಆದ್ರ ಈಗ ಹೆಂಗದಾನ ಅನ್ನೋದು ಬಿಡಬ್ಯಾಡ್ರಿ" ಎಂದರು ಡಾಕ್ಟರು. ಮನುಷ್ಯರನ್ನು ತಕ್ಕಡಿಗೆ ಹಾಕುತ್ತಾರೆಂದು ಕೆಲವರು ನಕ್ಕರು.

ಆ ಪ್ರಶ್ನೆಗಳಿಗೆ ಮೊದಲು ಕುಳಿತವನು ಲಕ್ಷ್ಮೇಶ್ವರದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಕಲಾಯಿಗಾರ. ನೆರೆಯವನು ತನ್ನ ನೀರಿಗೆ ವಿಷ ಹಾಕುತ್ತಾನೆಂದು ಭ್ರಮಿಸಿ ಸುತ್ತಿಗೆಯಿಂದ ಅವನ ತಲೆಗೆ ಹೊಡೆದಿದ್ದ. ನೆರೆಯವನು ಬದುಕಿಕೊಂಡಿದ್ದ. ಕಲಾಯಿಗಾರ ಗುಣವಾಗಿ ವರ್ಷಗಳೇ ಆಗಿದ್ದವು. ಅಂಕ ಕೂಡಿಸಿದರೆ ಉತ್ತರ ಸ್ಪಷ್ಟವಾಗಿತ್ತು: ಮನೆ.

ನಾನು ಹಿಗ್ಗಿನಿಂದ ಅದನ್ನು ಅವನಿಗೆ ಹೇಳಿದೆ. ಅವನು ತಲೆ ಅಲ್ಲಾಡಿಸಿದ.

"ನಾ ಹೋಗಾಂಗಿಲ್ರಿ ಅಕ್ಕಾರ."

ಇದೂ ಕಾಯಿಲೆಯ ಲಕ್ಷಣವೆಂದು ಅಲ್ಲಿದ್ದವರು ಪಿಸುಗುಟ್ಟಿದರು. ನಾನು ಯಾಕೆಂದು ಕೇಳಿದೆ.

"ನಾ ಹೊಡದಂವನ ಮನಿ ನಮ್ಮ ಗ್ವಾಡಿಗೆ ಹತ್ತಿಕೊಂಡೇ ಐತ್ರಿ. ದಿನಾ ನನ್ನ ಮಾರಿ ನೋಡಿ ಅಂವಾ ಯಾಕ ಅಂಜಬೇಕು?"

ಡಾಕ್ಟರು ಪೆನ್ನು ಕೆಳಗಿಟ್ಟರು. ಮನೆ ಎಂದು ಬರೆದಿದ್ದೆವು, ಯಾವ ಓಣಿ ಎಂದು ಕೇಳಿರಲಿಲ್ಲ. ಪೆಟ್ಟು ತಿಂದವನು ಎಲ್ಲಿದ್ದಾನೆ, ಏನೆನ್ನುತ್ತಾನೆ ಎಂಬ ಪ್ರಶ್ನೆಯನ್ನು ಅಂದೇ ಪಟ್ಟಿಗೆ ಸೇರಿಸಿದೆವು.

ಅದರ ಉತ್ತರಕ್ಕಾಗಿ ಲಕ್ಷ್ಮೇಶ್ವರಕ್ಕೆ ಹೋದೆ. ನೆರೆಯವನು ಒಳಗೆ ಕರೆದು ಕೂರಿಸಿದ. ಹಣೆಯ ಮೇಲಿನ ಕಲೆಯನ್ನು ಮುಟ್ಟಿಕೊಳ್ಳುತ್ತಲೇ ಮಾತಾಡಿದ.

"ಅಂವಾ ಸಾಯೂತನಾ ಅಲ್ಲೇ ಕೊಳೀಬೇಕು ಅಂತ ನಾ ಅನ್ನೂದಿಲ್ರಿ. ಆದ್ರ ಸುತಗಿ ಸಪ್ಪಳ ಕೇಳಿದ್ರ ನನಗ ಇನ್ನೂ ಎದಿ ಝಲ್ ಅಂತೈತಿ. ಬ್ಯಾರೆ ಊರಾಗ ಇರಲಿ, ಚಂದಾಗಿರಲಿ."

ಮುಂಡರಗಿಯಲ್ಲಿ ಕಲಾಯಿಗಾರನ ಅಕ್ಕ ಬಳೆ ಅಂಗಡಿ ಇಟ್ಟಿದ್ದಳು. ಇಷ್ಟು ವರ್ಷ ಯಾರೂ ಅವಳನ್ನು ಕೇಳಿರಲೇ ಇಲ್ಲ. ನನ್ನ ಮಾತು ಮುಗಿಯುವ ಮೊದಲೇ ಅವಳು ಕಣ್ಣೊರೆಸಿಕೊಂಡು, "ಯಾವಾಗ ಕಳಸ್ತೀರಿ?" ಎಂದಳು.

ಗದಗದ ಕೋರ್ಟಿನಲ್ಲಿ ನ್ಯಾಯಾಧೀಶರು ನಮ್ಮ ಪಟ್ಟಿಯನ್ನು ಎರಡು ಸಲ ಓದಿದರು. "ಮತ್ತೆ ಕಾಯಿಲೆ ಬಂದರೆ ಈ ಕಾಗದ ಅವನನ್ನು ತಡೆಯುತ್ತದೆಯೇ?" ಎಂದರು.

"ಇಲ್ಲ ಸ್ವಾಮಿ. ಎಲ್ಲಿ ಕಣ್ಣಿಡಬೇಕೆಂದು ಅದು ಹೇಳುತ್ತದೆ. ನೋಡುವವರು ನಾವೇ" ಎಂದರು ಡಾಕ್ಟರು.

ಅಕ್ಕ ತಾನಾಗಿಯೇ ಮುಂದೆ ಬಂದಳು. "ಸಾಹೇಬ್ರ, ಅಂವಾ ನಿದ್ದಿ ಬಿಟ್ಟಾ ಅಂದ್ರ ಜಡ್ಡು ಸುರು ಆತು ಅಂತ ನನಗ ಗೊತ್ತಾಗತೈತ್ರಿ. ಅವತ್ತ ದವಾಖಾನಿಗೆ ಕರಕೊಂಡು ಬರ್ತೀನಿ."

ಅನುಮತಿ ಸಿಕ್ಕಿತು. ಅಂಗಳಕ್ಕೆ ಬಂದೊಡನೆ ಡಾಕ್ಟರು ಎಲ್ಲರಿಗೂ ಚಹಾ ತರಿಸಿದರು. ಕಲಾಯಿಗಾರ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಅಕ್ಕನನ್ನೇ ನೋಡುತ್ತ ನಿಂತಿದ್ದ. ಆ ವರ್ಷ ಬೀಗದ ವಾರ್ಡಿನಿಂದ ಇನ್ನೂ ಹಲವರು ಹೊರಬಂದರು. ನಕ್ಕವರೇ ಬಂದು ತಮ್ಮ ವಾರ್ಡಿಗೂ ಪಟ್ಟಿ ಕೇಳಿದರು.

ಮುಂದೆ ಮುಂಡರಗಿಗೆ ವಿಚಾರಿಸಲು ಹೋದಾಗ, ಬಳೆ ಅಂಗಡಿಯ ಪಕ್ಕದಲ್ಲಿ ತಿದಿ ಊದುತ್ತಿತ್ತು. ಸುತ್ತಲೂ ಹಂಡೆ, ಕೊಡ. ನಾನು ಚೀಲದಿಂದ ಪಟ್ಟಿ ತೆಗೆಯುವಷ್ಟರಲ್ಲಿ ಅವನು ಕೈ ಎತ್ತಿದ.

"ಅಕ್ಕಾರ, ಸ್ವಲ್ಪ ತಡೀರಿ. ಹಮ್ಮಿಗಿ ಊರಿಂದ ಮದವಿ ಪಾತ್ರಿ ಬಂದಾವ, ಸಂಜಿಗೆ ಕೊಡಬೇಕು. ಇವತ್ತ ನನಗ ಪುರಸೊತ್ತಿಲ್ರಿ!"

ನಾನು ಪಟ್ಟಿ ಮಡಚಿ, ಅವನ ಅಕ್ಕ ಹಾಕಿದ ಚಾಪೆಯ ಮೇಲೆ ಖುಷಿಯಿಂದ ಕಾದು ಕುಳಿತೆ.